ತಜ್ಞರು ಹೇಳಿದರೆ ಮುಗಿಯಿತೇ?

ಸಾಕ್ಷಿ ಹೇಳಲು ಕಟಕಟೆ ಹತ್ತಿದವರಿಗೆ ಕೋರ್ಟು ಹಾಕುವ ಕಟ್ಟು ಒಂದೇ: ಕಣ್ಣಾರೆ ಕಂಡದ್ದಿದ್ದರೆ ಹೇಳಿ, ಊಹೆ ಬೇಡ. ‘ಅವನೇ ಮಾಡಿರಬೇಕು ಅನ್ನಿಸುತ್ತೆ ಸ್ವಾಮಿ’ ಎಂದು ಸಾಕ್ಷಿ ಬಾಯಿಬಿಟ್ಟ ಕೂಡಲೇ ಎದುರು ವಕೀಲರು ಎದ್ದು ನಿಲ್ಲುತ್ತಾರೆ. ಸಾಕ್ಷ್ಯ ಕೇಳಿ ಏನನ್ನಿಸುತ್ತದೆ ಎಂದು ತೀರ್ಮಾನಿಸುವುದು ನ್ಯಾಯಾಧೀಶರ ಕೆಲಸ. ಈ ಕಟ್ಟಿಗೆ ಕಾನೂನೇ ಇಟ್ಟಿರುವ ದೊಡ್ಡ ವಿನಾಯಿತಿ ತಜ್ಞ ಸಾಕ್ಷಿ. ಹೊಡೆದಾಟ ನಡೆದ ರಾತ್ರಿ ಅವರು ಸ್ಥಳದಲ್ಲಿರಲಿಲ್ಲ, ಆರೋಪಿಯ ಹೆಸರೂ ಅವರಿಗೆ ಗೊತ್ತಿರಲಿಕ್ಕಿಲ್ಲ. ಆದರೂ ಅವರನ್ನು ಕರೆಸಿ ‘ನಿಮ್ಮ ಅಭಿಪ್ರಾಯವೇನು?’ ಎಂದೇ ಕೇಳುತ್ತಾರೆ.

ಕಾನೂನು ಕಾಲೇಜಿಗೆ ಈಗಷ್ಟೇ ಸೇರಿದವರನ್ನೂ, ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ ಮೊದಲ ಸಮನ್ಸ್ ಕೈಗೆ ಬಂದು ಗಾಬರಿಯಾದ ವೈದ್ಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಈ ಪಾಠ ಶುರುಮಾಡುವಾಗ ನಾನು ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ತಜ್ಞರು ಏನು ಹೇಳಿದರು ಎನ್ನುವುದಕ್ಕಿಂತ, ಯಾಕೆ ಹಾಗೆ ಹೇಳಿದರು ಎನ್ನುವುದನ್ನು ಬರೆದುಕೊಳ್ಳಿ. ತೀರ್ಪು ನಿಲ್ಲುವುದೂ ಬೀಳುವುದೂ ಆ ‘ಯಾಕೆ’ಯ ಮೇಲೆ.

ಕಾನೂನಿನ ಭಾಗವನ್ನು ಬೇಗ ಮುಗಿಸೋಣ. 1872ರ ಸಾಕ್ಷ್ಯ ಕಾಯ್ದೆಯ 45ನೇ ಕಲಂ ನೂರೈವತ್ತು ವರ್ಷ ಈ ಕೆಲಸ ಮಾಡಿತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ತಜ್ಞರ ಕಲಂ ಈಗ 39. ವಿದೇಶಿ ಕಾನೂನು, ವಿಜ್ಞಾನ, ಕಲೆ, ಕೈಬರಹ, ಬೆರಳಚ್ಚು ಎಂಬ ಹಳೆಯ ಪಟ್ಟಿಗೆ ‘ಬೇರಾವುದೇ ಕ್ಷೇತ್ರ’ ಎಂಬ ಮಾತು ಸೇರಿ ಬಾಗಿಲು ಅಗಲವಾಗಿದೆ. ಪಟ್ಟಿಯಲ್ಲಿ ವಿದೇಶಿ ಕಾನೂನಿದೆ, ನಮ್ಮ ಕಾನೂನಿಲ್ಲ. ನಮ್ಮ ಕಾನೂನಿನಲ್ಲಿ ನ್ಯಾಯಾಧೀಶರೇ ತಜ್ಞರು. ಪರೀಕ್ಷೆಗೆ ಓದುವವರು ಒಂದು ಗೊಂದಲದಿಂದ ದೂರವಿರಿ: ಹೊಸ ಕಾಯ್ದೆಯಲ್ಲೂ 45ನೇ ಕಲಂ ಇದೆ, ಆದರೆ ಅದು ಹಳೆಯ 51. ಅಭಿಪ್ರಾಯ ಪ್ರಸ್ತುತವಾದರೆ ಅದಕ್ಕೆ ಕೊಟ್ಟ ಕಾರಣಗಳೂ ಪ್ರಸ್ತುತ ಎನ್ನುತ್ತದೆ ಅದು. ನನ್ನ ಪಾಠದ ಜೀವ ಇರುವುದು ಈ ಪುಟ್ಟ ಕಲಮಿನಲ್ಲಿ.

ಯಾರು ತಜ್ಞರು? ಇಂಥ ಡಿಗ್ರಿ ಇರಬೇಕು ಎಂದು ಕಾಯ್ದೆ ಎಲ್ಲೂ ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ 1894ರ ಸಿಲ್ವರ್‌ಲಾಕ್ ಪ್ರಕರಣದಲ್ಲಿ ಕೈಬರಹದ ಬಗ್ಗೆ ಸಾಕ್ಷಿ ಹೇಳಿದವರು ಒಬ್ಬ ವಕೀಲರು. ಕೈಬರಹ ಹೋಲಿಸುವುದು ಅವರಿಗೆ ಹವ್ಯಾಸವಾಗಿತ್ತು, ವೃತ್ತಿಯಾಗಿರಲಿಲ್ಲ. ಜ್ಞಾನವಿದ್ದರೆ ಸಾಕು, ಅದು ಎಲ್ಲಿಂದ ಬಂತು ಎಂಬುದು ಮುಖ್ಯವಲ್ಲ ಎಂದಿತು ಕೋರ್ಟು. ಹಾಗೆಂದು ಹುದ್ದೆಯೊಂದಿದ್ದರೆ ತಜ್ಞತನ ತಾನಾಗಿ ಬಂದೀತು ಎಂದುಕೊಳ್ಳಬೇಡಿ. ಹಿಮಾಚಲದ ಸೇಬಿನ ತೋಟಗಳಿಗೆ ಸಂಬಂಧಿಸಿದ ಜೈ ಲಾಲ್ ಪ್ರಕರಣದಲ್ಲಿ ರೋಗ ತಗುಲಿದ ಸೇಬನ್ನು ಸರ್ಕಾರಕ್ಕೆ ಮಾರಿದ ಲೆಕ್ಕ ಸುಳ್ಳೆಂದು ತೋರಿಸಲು, ಆ ತೋಟ ಎಷ್ಟು ಇಳುವರಿ ಕೊಡಬಲ್ಲದು ಎಂಬ ತೋಟಗಾರಿಕೆ ಅಧಿಕಾರಿಯ ಅಂದಾಜನ್ನು ಮುಂದಿಟ್ಟಿದ್ದರು. ಇಳುವರಿ ಅಂದಾಜಿನಲ್ಲಿ ಅವರಿಗೆ ವಿಶೇಷ ಅಧ್ಯಯನವೋ ಅನುಭವವೋ ಇದ್ದದ್ದು ಸಾಬೀತಾಗಲಿಲ್ಲ. ಸುಪ್ರೀಂ ಕೋರ್ಟ್ 1999ರಲ್ಲಿ ಆ ವರದಿಯನ್ನು ನಂಬಲಿಲ್ಲ. ತಾನು ಯಾವ ಅಳತೆಗೋಲಿನಿಂದ ಈ ತೀರ್ಮಾನಕ್ಕೆ ಬಂದೆ ಎಂಬುದನ್ನು ಕೋರ್ಟಿಗೆ ಒದಗಿಸಿ, ಅದೇ ಅಳತೆಗೋಲು ಹಿಡಿದು ನ್ಯಾಯಾಧೀಶರು ಸ್ವತಂತ್ರವಾಗಿ ಯೋಚಿಸುವಂತೆ ಮಾಡುವುದು ತಜ್ಞರ ಕರ್ತವ್ಯ ಎಂದು ಆ ತೀರ್ಪು ಬಿಡಿಸಿ ಹೇಳುತ್ತದೆ.

ಈಗ ನಮ್ಮ ಕೋರ್ಟುಗಳಲ್ಲಿ ದಿನಬೆಳಗಾದರೆ ಕಾಣುವ ತಜ್ಞರ ಹತ್ತಿರ ಬರೋಣ. ಅವರು ವಿಜ್ಞಾನಿಯೂ ಅಲ್ಲ, ದೊಡ್ಡ ಊರಿನ ಪ್ರೊಫೆಸರೂ ಅಲ್ಲ. ಸರ್ಕಾರಿ ಆಸ್ಪತ್ರೆಯ ವೈದ್ಯಾಧಿಕಾರಿ. ಬದುವಿನ ಜಗಳವೋ, ಜಾತ್ರೆಯ ಗಲಾಟೆಯೋ ಆಗಿ, ರಾತ್ರಿ ತಲೆಯೊಡೆದುಕೊಂಡು ಬಂದವರಿಗೆ ಹೊಲಿಗೆ ಹಾಕಿ, ವೂಂಡ್ ಸರ್ಟಿಫಿಕೇಟ್ ಬರೆದು ಮರೆತುಬಿಟ್ಟಿರುತ್ತಾರೆ. ಎರಡು ಮೂರು ವರ್ಷದ ಮೇಲೆ ಸಮನ್ಸ್ ಬರುತ್ತದೆ.

ಈ ವೈದ್ಯರು ಕಟಕಟೆಯಲ್ಲಿ ಎರಡು ಪಾತ್ರದಲ್ಲಿರುತ್ತಾರೆ, ಅದನ್ನು ಗಮನಿಸಿ. ‘ತಲೆಯ ಬಲಭಾಗದಲ್ಲಿ 4 ಸೆಂ.ಮೀ. ಉದ್ದದ ಗಾಯವಿತ್ತು’ ಎಂದಾಗ ಅವರು ಕಂಡದ್ದನ್ನು ಹೇಳುವ ಮಾಮೂಲಿ ಸಾಕ್ಷಿ. ‘ಇಂಥ ಗಾಯ ದೊಣ್ಣೆಯಿಂದ ಆಗುವ ಸಾಧ್ಯತೆ ಇದೆ’ ಎಂದ ಗಳಿಗೆಯಿಂದ ತಜ್ಞರು. ಮುಖ್ಯ ವಿಚಾರಣೆಯಲ್ಲಿ ಸರ್ಕಾರಿ ವಕೀಲರು ಮುದ್ದೆಮಾಲಿನ ದೊಣ್ಣೆಯನ್ನು ಕೈಗೆ ಕೊಟ್ಟು ಇಷ್ಟನ್ನು ಹೇಳಿಸಿ ಕೂತುಕೊಳ್ಳುತ್ತಾರೆ. ಆಮೇಲೆ ಪಾಟೀ ಸವಾಲು. ಆರೋಪಿ ಪರ ವಕೀಲರ ಮೊದಲ ಪ್ರಶ್ನೆಯನ್ನು ನೀವು ಯಾವ ಜಿಲ್ಲೆಯ ಕೋರ್ಟಿನಲ್ಲಿ ಕೂತರೂ ಕೇಳಬಹುದು. ಸಾಕ್ಷಿಯ ಹೇಳಿಕೆಯಲ್ಲಿ ಅದು ಹೀಗೆ ಟೈಪಾಗುತ್ತದೆ: ‘ಗಟ್ಟಿ ನೆಲದ ಮೇಲೆ ಬಿದ್ದಲ್ಲಿ ಸಹ ಸದರಿ ಗಾಯ ಆಗುವ ಸಾಧ್ಯತೆ ಇದೆ ಎಂದರೆ ಸರಿ.’

ಹೊಸ ವೈದ್ಯರಿಗೆ ಇಲ್ಲಿ ಕಸಿವಿಸಿ. ಹೌದೆಂದರೆ ಕೇಸು ಬಿದ್ದೀತು, ಇಲ್ಲವೆಂದರೆ ಸುಳ್ಳಾದೀತು. ನಾನು ಹೇಳುವುದಿಷ್ಟು: ಕೇಸು ಗೆಲ್ಲಿಸುವುದೂ ಸೋಲಿಸುವುದೂ ನಿಮ್ಮ ಹೊರೆಯಲ್ಲ. ಸಾಧ್ಯತೆ ಇದ್ದರೆ ಇದೆ ಎನ್ನಿ, ಜೊತೆಗೆ ಕಾರಣವನ್ನೂ ಸೇರಿಸಲು ಅವಕಾಶ ಕೇಳಿ. ಎಡವಿ ಬಿದ್ದವರಿಗೆ ಸಾಮಾನ್ಯವಾಗಿ ಪೆಟ್ಟಾಗುವುದು ಹಣೆ, ಮೂಗು, ಮೊಣಕೈ, ಮೊಣಕಾಲು, ಅಂಗೈ ಇಂಥ ಚಾಚಿಕೊಂಡ ಜಾಗಗಳಿಗೆ. ನಡುನೆತ್ತಿಯಲ್ಲಿ ಗಾಯ, ಜೊತೆಗೆ ಮುಂಗೈಯ ಹೊರಮೈಯಲ್ಲಿ ಬಾಸುಂಡೆ ಇದ್ದರೆ ಅದು ಬೇರೆ ಕಥೆ ಹೇಳುತ್ತದೆ. ಏಟು ತಪ್ಪಿಸಲು ಕೈ ಅಡ್ಡ ಹಿಡಿದಾಗ ಪೆಟ್ಟು ಬೀಳುವುದು ಅಲ್ಲೇ. ‘ಆಗಬಹುದು’ ಎಂಬ ಒಂದೇ ಪದಕ್ಕೂ ಈ ವಿವರಣೆಗೂ ನಡುವೆ ಇರುವ ಅಂತರವೇ ಒಳ್ಳೆಯ ತಜ್ಞರಿಗೂ ಸಾಧಾರಣ ತಜ್ಞರಿಗೂ ಇರುವ ಅಂತರ.

ತಲೆಯ ಗಾಯದ ವಿಷಯ ಬಂದದ್ದರಿಂದ ಒಂದನ್ನು ಹತ್ತಿರದಿಂದ ನೋಡಿ. ನೆತ್ತಿಯ ಚರ್ಮದ ಕೆಳಗೇ ಬುರುಡೆಯ ಎಲುಬಿರುವುದರಿಂದ ದೊಣ್ಣೆಯ ಏಟಿಗೂ ಚರ್ಮ ನೇರವಾಗಿ ಸೀಳುತ್ತದೆ. ಬರಿಗಣ್ಣಿಗೆ ಅದು ಮಚ್ಚಿನಿಂದ ಕೊಚ್ಚಿದಂತೆಯೇ ಕಾಣುತ್ತದೆ. ಭೂತಗನ್ನಡಿ ಹಿಡಿದರೆ ವ್ಯತ್ಯಾಸ ಗೊತ್ತಾಗುತ್ತದೆ: ದೊಣ್ಣೆಯ ಗಾಯದ ಅಂಚು ಜಜ್ಜಿರುತ್ತದೆ, ಕೂದಲ ಬುಡ ನುಜ್ಜಾಗಿರುತ್ತದೆ, ಸೀಳಿನ ಆಳದಲ್ಲಿ ಈ ಬದಿಯಿಂದ ಆ ಬದಿಗೆ ಹರಿಯದೆ ಉಳಿದ ಎಳೆಗಳಿರುತ್ತವೆ. ಹರಿತವಾದ ಆಯುಧ ಎಳೆಗಳನ್ನೂ ಕೂದಲನ್ನೂ ಸಾಫಾಗಿ ಕತ್ತರಿಸಿರುತ್ತದೆ. ರಾತ್ರಿಪಾಳಿಯ ಅವಸರದಲ್ಲಿ ಬರೀ ‘ಕತ್ತರಿಸಿದ ಗಾಯ’ ಎಂದು ಬರೆದರೆ, ದೊಣ್ಣೆ ಎಂದ ಪ್ರತ್ಯಕ್ಷ ಸಾಕ್ಷಿಗಳೆಲ್ಲ ಕೋರ್ಟಿನಲ್ಲಿ ಸುಳ್ಳುಗಾರರಂತೆ ನಿಲ್ಲಬೇಕಾಗುತ್ತದೆ.

ಕಣ್ಣಾರೆ ಕಂಡವರ ಮಾತಿಗೂ ವೈದ್ಯರ ಮಾತಿಗೂ ತಾಳೆಯಾಗದಿದ್ದರೆ ಯಾರನ್ನು ನಂಬಬೇಕು? 1983ರ ಸೋಲಂಕಿ ಚಿಮನ್‌ಭಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಉತ್ತರ ಇಂದಿಗೂ ಚಾಲ್ತಿಯಲ್ಲಿದೆ. ಸಾಕ್ಷಿಗಳು ಹೇಳಿದ ರೀತಿಯಲ್ಲಿ ಗಾಯ ಆಗುವ ಸಾಧ್ಯತೆಯೇ ಇಲ್ಲ ಎನ್ನುವಷ್ಟರ ಮಟ್ಟಿಗೆ ವೈದ್ಯಕೀಯ ಸಾಕ್ಷ್ಯ ಹೋದರೆ ಮಾತ್ರ ಪ್ರತ್ಯಕ್ಷ ಸಾಕ್ಷ್ಯವನ್ನು ಪಕ್ಕಕ್ಕಿಡಬಹುದು. ಅಂದರೆ ತಜ್ಞರ ‘ಹೀಗಾಗಿರಬಹುದು’ ಎಂಬ ಮಾತು ಕಂಡವರ ‘ಹೀಗಾಯಿತು’ ಎಂಬುದನ್ನು ಅಳಿಸಲಾರದು. ‘ಹೀಗಾಗಲು ಸಾಧ್ಯವೇ ಇಲ್ಲ’ ಎಂಬುದು ಅಳಿಸಬಲ್ಲದು.

ವಯಸ್ಸಿನ ಪ್ರಶ್ನೆಯಲ್ಲೂ ಹೀಗೆಯೇ. ಎಲುಬಿನ ಎಕ್ಸ್‌ರೇ ನೋಡಿ ವಯಸ್ಸು ಹೇಳುವಾಗ ಎರಡು ವರ್ಷ ಆಚೀಚೆ ಆಗಬಹುದೆಂದು 1982ರ ಜಯಾ ಮಾಲಾ ಪ್ರಕರಣದಲ್ಲಿ ಕೋರ್ಟು ಒಪ್ಪಿದೆ. ‘ಹದಿನೇಳು’ ಎಂದು ಒಂದೇ ಅಂಕಿ ಹೇಳುವ ವೈದ್ಯರು ಖಚಿತವಾಗಿ ಮಾತಾಡಿದಂತೆ ಕಾಣುತ್ತಾರೆ, ವಿಜ್ಞಾನ ಅಷ್ಟು ಖಚಿತವಾಗಿಲ್ಲ.

ಇನ್ನು ಸಿವಿಲ್ ಕೋರ್ಟಿಗೆ ಹೋದರೆ ರಾಜ್ಯಭಾರ ಸಹಿಯದು. ಕ್ರಯಪತ್ರ, ಪ್ರಾಮಿಸರಿ ನೋಟು, ಉಯಿಲು, ಚೆಕ್ಕು, ಎಲ್ಲೆಲ್ಲೂ ‘ಇದು ನನ್ನ ಸಹಿಯಲ್ಲ’. ಇಲ್ಲಿ ಕೈಬರಹ ತಜ್ಞರು ಬರುತ್ತಾರೆ. ಅವರ ಕೆಲಸ ಶುರುವಾಗುವುದು ಎರಡು ರಾಶಿಯಿಂದ: ಒಂದು ವಿವಾದಿತ ಸಹಿ, ಇನ್ನೊಂದು ಒಪ್ಪಿತ ಸಹಿಗಳು. ಒಪ್ಪಿತ ಸಹಿ ವಿವಾದಿತ ದಸ್ತಾವೇಜಿನ ಕಾಲದ್ದೇ ಆಗಿದ್ದರೆ ಒಳ್ಳೆಯದು. ಇಪ್ಪತ್ತು ವರ್ಷ ಹಿಂದಿನ ಬ್ಯಾಂಕ್ ಪಾಸ್‌ಬುಕ್ಕಿನ ಸಹಿಯನ್ನು ಮುಪ್ಪಿನ ಉಯಿಲಿನ ಸಹಿಗೆ ಹೋಲಿಸಿದರೆ ವ್ಯತ್ಯಾಸ ಕಂಡೇ ಕಾಣುತ್ತದೆ, ಅದರಿಂದ ಏನೂ ಸಾಬೀತಾಗುವುದಿಲ್ಲ. ಕೋರ್ಟಿನಲ್ಲೇ ಕೂರಿಸಿ ಬರೆಸಿದ ಸಹಿಯೂ ಒಮ್ಮೊಮ್ಮೆ ಬೇಕೆಂದೇ ಸೊಟ್ಟಗಾಗಿರುತ್ತದೆ.

ಸಹಿ ನೋಡಲು ಕಲಿಯುವವರಿಗೆ ಅಚ್ಚರಿಯೆನಿಸುವ ಸಂಗತಿಯೊಂದಿದೆ. ಯಾರೂ ಒಂದೇ ಸಹಿಯನ್ನು ಎರಡು ಸಲ ಹಾಕುವುದಿಲ್ಲ. ‘ರಾಮಚಂದ್ರ’ ಎಂದು ಹತ್ತು ಸಲ ಬರೆದು ನೋಡಿ. ಮ-ಕಾರದ ಬಾಲ ಒಮ್ಮೆ ಉದ್ದ, ಒಮ್ಮೆ ಗಿಡ್ಡ, ದ್ರ-ದ ಒತ್ತು ಒಮ್ಮೆ ಅಂಟಿಕೊಂಡು, ಒಮ್ಮೆ ದೂರ. ಆದ್ದರಿಂದ ವಿವಾದಿತ ಸಹಿ ಮತ್ತೊಂದು ಸಹಿಯ ಮೇಲೆ ಇಟ್ಟಾಗ ಗೆರೆಗೆ ಗೆರೆ ಕೂತರೆ ಅನುಮಾನ ಹೆಚ್ಚಬೇಕು, ಯಾರೋ ಕೆಳಗಿಟ್ಟು ತಿದ್ದಿರುವ ಸಾಧ್ಯತೆ ಹೆಚ್ಚು. ತಜ್ಞರು ಅಕ್ಷರದ ಆಕಾರಕ್ಕಿಂತ ಓಟವನ್ನು ನೋಡುತ್ತಾರೆ. ಸ್ವಂತ ಸಹಿಯಲ್ಲಿ ಪೆನ್ನು ಓಡುತ್ತದೆ, ಗೆರೆಯ ತುದಿ ತೆಳುವಾಗಿ ಮುಗಿಯುತ್ತದೆ. ನಕಲು ಮಾಡುವ ಕೈ ನಿಂತು ನಿಂತು ಹೋಗುತ್ತದೆ. ನಡುವೆ ಪೆನ್ನು ಎತ್ತಿ ಮತ್ತೆ ಊರಿದ ಗುರುತು, ಎಲ್ಲೆಡೆ ಒಂದೇ ದಪ್ಪ, ಮೊಂಡು ತುದಿ. ಮುದುಕರ ಸಹಿಯೂ ನಡುಗುತ್ತದೆ, ಆದರೆ ಆ ನಡುಕ ಗೆರೆಯ ಜೊತೆಗೇ ಸಾಗಿರುತ್ತದೆ. ಇವನ್ನೆಲ್ಲ ನೋಡಲು ಮೂಲ ದಸ್ತಾವೇಜು ಬೇಕು. ಜೆರಾಕ್ಸಿನಲ್ಲಿ ಒತ್ತಡ ಕಾಣುವುದಿಲ್ಲ. ಜೆರಾಕ್ಸ್ ಪ್ರತಿ ನೋಡಿ ಧೈರ್ಯವಾಗಿ ಅಭಿಪ್ರಾಯ ಕೊಡುವ ತಜ್ಞರ ಧೈರ್ಯ ನನಗಂತೂ ಇಲ್ಲ.

ಕೈಬರಹದ ಸಾಕ್ಷ್ಯದ ಬಗ್ಗೆ ನಮ್ಮ ಕೋರ್ಟುಗಳು ಮೊದಲಿನಿಂದಲೂ ಕೈ ಬಿಗಿ ಹಿಡಿದಿವೆ. ಬೆರಳಚ್ಚಿಗೆ ಸಿಗುವ ನಂಬಿಕೆ ಅದಕ್ಕೆ ಸಿಗುವುದಿಲ್ಲ. 1980ರ ಮುರಾರಿಲಾಲ್ ತೀರ್ಪಿನಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಈ ಬಿಗಿಯನ್ನು ಸ್ವಲ್ಪ ಸಡಿಲಿಸಿದರು: ತಜ್ಞರೇನೂ ಅಪರಾಧದಲ್ಲಿ ಪಾಲುಗಾರರಲ್ಲ, ಬೇರೆ ಪುರಾವೆಯ ಆಸರೆ ಇಲ್ಲದೆ ಅವರ ಮಾತನ್ನು ನಂಬಲೇಬಾರದು ಎಂಬ ಕಡ್ಡಾಯ ನಿಯಮವಿಲ್ಲ. ಕಾರಣಗಳು ಗಟ್ಟಿಯಾಗಿದ್ದು ಅನುಮಾನಕ್ಕೆ ಎಡೆಯಿಲ್ಲದಿದ್ದರೆ ನಂಬಬಹುದು, ಆದರೆ ಎಚ್ಚರದಿಂದ. ಇಷ್ಟಾದರೂ ವಾಸ್ತವದಲ್ಲಿ ವಾದಿ ಕರೆತಂದ ತಜ್ಞರಿಗೆ ಸಹಿ ಅಸಲಿ, ಪ್ರತಿವಾದಿ ಕರೆತಂದ ತಜ್ಞರಿಗೆ ಅದೇ ಸಹಿ ನಕಲಿ. ಫೀಸು ಕೊಟ್ಟವರ ಕಡೆಗೆ ಕಣ್ಣು ವಾಲುವುದು ಮನುಷ್ಯ ಸಹಜ. ಅದಕ್ಕೇ ಅನೇಕ ದಾವೆಗಳಲ್ಲಿ ಕೋರ್ಟು ತಾನೇ ಕಮಿಷನರರನ್ನು ನೇಮಿಸಿ ದಸ್ತಾವೇಜನ್ನು ಪರೀಕ್ಷೆಗೆ ಕಳಿಸುತ್ತದೆ. ಜಮೀನಿನ ಹದ್ದುಬಸ್ತಿನ ತಕರಾರಿನಲ್ಲಿ ಸರ್ವೇಯರ್ ಕೋರ್ಟ್ ಕಮಿಷನರಾಗಿ ಬಂದು ಅಳತೆ ಮಾಡುವುದೂ ಇದೇ ಕಾರಣಕ್ಕೆ.

ಪತ್ರಿಕೆಗಳಲ್ಲಿ ತಜ್ಞ ಎಂದರೆ ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ), ಡಿಎನ್‌ಎ. ನಮ್ಮ ದೇಶದಲ್ಲಿ ಡಿಎನ್‌ಎ ಕೋರ್ಟಿಗೆ ಬಂದದ್ದು ಕೇರಳದ ತಲಶ್ಶೇರಿಯ ಒಂದು ಪಿತೃತ್ವದ ತಕರಾರಿನಲ್ಲಿ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿ ಲಾಲ್‌ಜಿ ಸಿಂಗ್ ಅದರ ಹಿಂದಿದ್ದವರು. ಆ ಬಳಿಕ ಡಿಎನ್‌ಎ ಎಂದರೆ ಬ್ರಹ್ಮಲಿಖಿತ ಎಂಬ ಭಾವನೆ ಬೆಳೆದುಬಿಟ್ಟಿದೆ. 2022ರ ನವೆಂಬರಿನಲ್ಲಿ ದೆಹಲಿಯ ಛಾವ್ಲಾ ಅತ್ಯಾಚಾರ, ಕೊಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗಲ್ಲು ಶಿಕ್ಷೆಯಾಗಿದ್ದ ಮೂವರನ್ನು ಬಿಡುಗಡೆ ಮಾಡಿದಾಗ ದೇಶ ಬೆಚ್ಚಿತು. ಡಿಎನ್‌ಎ ವರದಿ ಆರೋಪಿಗಳ ವಿರುದ್ಧವೇ ಇತ್ತು. ಆದರೆ ತೆಗೆದ ಮಾದರಿಗಳು ಪ್ರಯೋಗಾಲಯಕ್ಕೆ ಹೋಗುವ ಮೊದಲು ಕೆಲವು ದಿನ ಠಾಣೆಯ ಮಾಲ್‌ಖಾನೆಯಲ್ಲೇ ಇದ್ದವು. ತಜ್ಞರು ಆ ತೀರ್ಮಾನಕ್ಕೆ ಹೇಗೆ ಬಂದರು, ವಿಧಾನವನ್ನು ಸರಿಯಾಗಿ ಅನುಸರಿಸಿದರೇ ಎಂಬುದನ್ನು ಕೆಳಗಿನ ಎರಡೂ ಕೋರ್ಟುಗಳು ಪರಿಶೀಲಿಸಿರಲಿಲ್ಲ. ಆ ತೀರ್ಪಿನ ಬಗ್ಗೆ ಬೇಸರಪಟ್ಟವರು ಅನೇಕರಿದ್ದಾರೆ. ನನ್ನ ಮಟ್ಟಿಗೆ ಅದು ವಿದ್ಯಾರ್ಥಿಗಳು ಮೊದಲು ಓದಬೇಕಾದ ತೀರ್ಪು. ಬೆಂಗಳೂರಿನ ಮಡಿವಾಳದ ಎಫ್‌ಎಸ್‌ಎಲ್ ಪ್ರಯೋಗಾಲಯದಲ್ಲಿ ಎಷ್ಟೇ ದೊಡ್ಡ ಯಂತ್ರವಿರಲಿ, ಮಹಜರು ಬರೆದ ಪೇದೆ ಅರಗಿನ ಮೊಹರನ್ನು ಸರಿಯಾಗಿ ಒತ್ತಿರದಿದ್ದರೆ ಯಂತ್ರದ ಉತ್ತರಕ್ಕೆ ಬೆಲೆಯಿಲ್ಲ.

2012ರ ದೆಹಲಿಯ ನಿರ್ಭಯಾ ಪ್ರಕರಣದಲ್ಲಿ ಒಬ್ಬ ತಜ್ಞ ಸಾಕ್ಷಿ ಹೋದದ್ದು ಧಾರವಾಡದಿಂದ. ಗಾಯಾಳುವಿನ ಮೈಮೇಲಿನ ಕಡಿತದ ಗುರುತುಗಳ ಫೋಟೊಗಳನ್ನೂ ಆರೋಪಿಗಳ ಹಲ್ಲಿನ ಅಚ್ಚುಗಳನ್ನೂ ಎಸ್‌ಡಿಎಂ ದಂತವೈದ್ಯಕೀಯ ಕಾಲೇಜಿನ ತಜ್ಞರು ಹೋಲಿಸಿ ವರದಿ ಕೊಟ್ಟರು. 2017ರ ಸುಪ್ರೀಂ ಕೋರ್ಟ್ ತೀರ್ಪು ಅದನ್ನು ಒಪ್ಪಿತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಕಡೆಯಿಂದ 2009ರಲ್ಲಿ ಬಂದ ವರದಿಯಾದರೋ ಕಡಿತದ ಗುರುತಿನಿಂದ ವ್ಯಕ್ತಿಯನ್ನು ಹಿಡಿಯುವ ವಿದ್ಯೆಯ ವೈಜ್ಞಾನಿಕ ತಳಹದಿಯನ್ನೇ ಪ್ರಶ್ನಿಸಿತ್ತು. ನಿರ್ಭಯಾ ಪ್ರಕರಣದಲ್ಲಿ ಡಿಎನ್‌ಎ, ಮರಣಪೂರ್ವ ಹೇಳಿಕೆ, ಪ್ರತ್ಯಕ್ಷ ಸಾಕ್ಷಿ ಎಲ್ಲವೂ ಇದ್ದವು, ಹಲ್ಲಿನ ಗುರುತೊಂದನ್ನೇ ನೆಚ್ಚಬೇಕಾಗಿರಲಿಲ್ಲ. ಅದೊಂದೇ ಇದ್ದಿದ್ದರೆ ಏನು ಮಾಡಬೇಕಿತ್ತು ಎಂದು ನಾನು ತರಗತಿಯಲ್ಲಿ ಕೇಳುತ್ತೇನೆ. ಜಗಳ ಚೆನ್ನಾಗಿ ಹತ್ತಿಕೊಳ್ಳುತ್ತದೆ.

ಮಂಪರು ಪರೀಕ್ಷೆಯ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್ ಹೇಳಿದೆ: ಒಪ್ಪಿಗೆಯಿಲ್ಲದೆ ಯಾರಿಗೂ ಮಾಡುವಂತಿಲ್ಲ, ಒಪ್ಪಿಗೆ ಕೊಟ್ಟು ಮಾಡಿಸಿಕೊಂಡರೂ ಅದರಲ್ಲಿ ಹೇಳಿದ್ದು ಸಾಕ್ಷ್ಯವಲ್ಲ. ಅದರ ಸುಳಿವು ಹಿಡಿದು ಏನಾದರೂ ಪತ್ತೆಯಾದರೆ ಅದನ್ನು ಪರಿಗಣಿಸಬಹುದು, ಅಷ್ಟೆ.

ತಜ್ಞರಿಗೆ ನಾನು ಕಾಣುವ ದೊಡ್ಡ ಅಪಾಯ ಅಜ್ಞಾನವಲ್ಲ, ತಮ್ಮ ವಿದ್ಯೆಯ ಬೇಲಿ ದಾಟುವುದು. ಇಂಗ್ಲೆಂಡಿನಲ್ಲಿ ಸ್ಯಾಲಿ ಕ್ಲಾರ್ಕ್ ಎಂಬ ತಾಯಿಯ ಎರಡು ಹಸುಗೂಸುಗಳು ಒಂದರ ನಂತರ ಒಂದು ತೀರಿಕೊಂಡವು. ಕೊಲೆ ಆರೋಪ ಬಂತು. ಹೆಸರಾಂತ ಮಕ್ಕಳ ವೈದ್ಯ ರಾಯ್ ಮೆಡೋ ಸಾಕ್ಷಿ ಹೇಳುತ್ತ, ಅಂಥ ಕುಟುಂಬದಲ್ಲಿ ಒಂದು ಮಗು ಕಾರಣವಿಲ್ಲದೆ ಸಾಯುವ ಸಂಭವ 8,543ರಲ್ಲಿ ಒಂದು, ಎರಡೂ ಸಾಯುವ ಸಂಭವ ಅದನ್ನು ಅದರಿಂದಲೇ ಗುಣಿಸಿದರೆ 7.3 ಕೋಟಿಯಲ್ಲಿ ಒಂದು ಎಂದರು. ಒಂದೇ ಮನೆಯ ಎರಡು ಮಕ್ಕಳಿಗೆ ಒಂದೇ ಆನುವಂಶಿಕ ದೋಷವಿರಬಹುದು, ಹಾಗಾಗಿ ಗುಣಿಸುವುದೇ ತಪ್ಪು. ಮೆಡೋ ಮಕ್ಕಳ ವೈದ್ಯರು, ಸಂಖ್ಯಾಶಾಸ್ತ್ರಜ್ಞರಲ್ಲ. 1999ರಲ್ಲಿ ಶಿಕ್ಷೆಯಾಯಿತು, ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ 2001ರಲ್ಲಿ ಬಹಿರಂಗವಾಗಿ ಆಕ್ಷೇಪಿಸಿತು. ಮರಣೋತ್ತರ ಪರೀಕ್ಷೆ ಮಾಡಿದ ಇನ್ನೊಬ್ಬ ತಜ್ಞರು ಮಗುವಿನ ಲ್ಯಾಬ್ ವರದಿಗಳನ್ನು ಮುಂದಿಟ್ಟಿರಲಿಲ್ಲ ಎಂಬುದು ಬೆಳಕಿಗೆ ಬಂದ ಮೇಲೆ 2003ರಲ್ಲಿ ಆಕೆ ಹೊರಬಂದರು. 2007ರಲ್ಲಿ ತೀರಿಕೊಂಡರು.

ಬೇಲಿ ಎಲ್ಲಿದೆ ಎಂಬುದನ್ನು ನಮ್ಮಲ್ಲಿ ತಿಳಿಯಾಗಿ ತೋರಿಸಿದ್ದು ಸುಪ್ರೀಂ ಕೋರ್ಟಿನ 2010ರ ರಾಜ್‌ಕುಮಾರ್ ತೀರ್ಪು. ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲೂ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. ವಾಹನ ಅಪಘಾತದ ಪರಿಹಾರದ ಕೇಸುಗಳಲ್ಲಿ ವೈದ್ಯರು ಅಂಗವೈಕಲ್ಯ ಶೇಕಡಾ ಇಷ್ಟು ಎಂದು ಹೇಳುತ್ತಾರೆ, ವಕೀಲರು ಅದನ್ನೇ ದುಡಿಮೆಯ ನಷ್ಟ ಎಂದು ಲೆಕ್ಕ ಹಾಕಿಬಿಡುತ್ತಾರೆ. ಎಡಗೈ ಕಳೆದುಕೊಂಡವರ ವೈಕಲ್ಯ ಶೇ. 60 ಎಂದಿಟ್ಟುಕೊಳ್ಳಿ. ಆತ ಡ್ರೈವರೋ ಬಡಗಿಯೋ ಆಗಿದ್ದರೆ ದುಡಿಮೆ ಹೆಚ್ಚುಕಡಿಮೆ ನೂರಕ್ಕೆ ನೂರು ಹೋಯಿತು. ಸರ್ಕಾರಿ ಗುಮಾಸ್ತನಾಗಿದ್ದರೆ ನೌಕರಿ ಉಳಿಯುತ್ತದೆ. ಕೈಯ ಸ್ಥಿತಿ ಹೇಳುವುದು ವೈದ್ಯರ ಕೆಲಸ. ದುಡಿಮೆಯ ನಷ್ಟ ಅಳೆಯುವುದು ನ್ಯಾಯಮಂಡಳಿಯದು. ಚಿಕಿತ್ಸೆ ಮಾಡದೆಯೇ ಸರ್ಟಿಫಿಕೇಟ್ ಕೊಡುವ ವೈದ್ಯರ ಬಗ್ಗೆ ಎಚ್ಚರವಿರಲಿ ಎಂದೂ ಆ ತೀರ್ಪು ಹೇಳಿದೆ.

ಕೊನೆಗೆ, ಹೊಸ ಕಾನೂನಿನಲ್ಲಿ ನನಗೆ ಸಮಾಧಾನ ತರದ ಒಂದು ವಿಷಯ. ಕೆಲವು ಸರ್ಕಾರಿ ತಜ್ಞರ ವರದಿಯನ್ನು ಅವರನ್ನು ಕರೆಸದೆಯೇ ಸಾಕ್ಷ್ಯವಾಗಿ ಓದುವ ಪದ್ಧತಿ ಮೊದಲಿನಿಂದಲೂ ಇದೆ. ಬೇಕೆನಿಸಿದರೆ ಕೋರ್ಟು ಕರೆಸಬಹುದು. ಈಗ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 336ನೇ ಕಲಂ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ವರದಿ ಬರೆದ ವೈದ್ಯಾಧಿಕಾರಿಯೋ ವಿಜ್ಞಾನಿಯೋ ವರ್ಗವಾಗಿದ್ದರೆ, ನಿವೃತ್ತರಾಗಿದ್ದರೆ, ತೀರಿಕೊಂಡಿದ್ದರೆ ಅವರ ಜಾಗಕ್ಕೆ ಬಂದವರಿಂದಲೇ ಆ ವರದಿಯ ಬಗ್ಗೆ ಸಾಕ್ಷ್ಯ ಪಡೆಯಬಹುದು. ವರ್ಷಗಟ್ಟಲೆ ವಾಯಿದೆ ಬೀಳುವ ಕೇಸುಗಳಿಗೆ ಇದರಿಂದ ವೇಗ ಬರುತ್ತದೆ, ಒಪ್ಪುತ್ತೇನೆ. ಆದರೆ ‘ನೆತ್ತಿಯ ಸೀಳಿನಲ್ಲಿ ಹರಿಯದ ಎಳೆಗಳಿದ್ದವೇ?’ ಎಂದು ವಕೀಲರು ಕೇಳಿದರೆ ಹೊಸಬರು ಏನೆಂದಾರು? ಕಾಗದದಲ್ಲಿ ಬರೆದಿದ್ದರೆ ಓದಿಯಾರು, ಇಲ್ಲದಿದ್ದರೆ ಗೊತ್ತಿಲ್ಲ ಎಂದಾರು. ಹಾಗಾಗಿ ವರ್ಗವಾಗಿ ಬೇರೆ ಜಿಲ್ಲೆಗೆ ಹೋದ ವೈದ್ಯರಿಗೆ ಸಮನ್ಸ್ ಬಂದರೆ ನನ್ನ ಸಲಹೆ: ದೂರವಾದರೆ ವಿಡಿಯೊ ಕಾನ್ಫರೆನ್ಸಿಗೆ ಕೋರ್ಟಿನ ಅನುಮತಿ ಕೇಳಿ, ಹಳೆಯ ಆಸ್ಪತ್ರೆಯಿಂದ ಆ ದಿನದ ಎಂಎಲ್‌ಸಿ ರಿಜಿಸ್ಟರಿನ ಪ್ರತಿ ತರಿಸಿಕೊಂಡು ಹಿಂದಿನ ರಾತ್ರಿ ಒಮ್ಮೆ ಓದಿಕೊಳ್ಳಿ, ಸಾಕ್ಷಿಯನ್ನು ನೀವೇ ಹೇಳಿ.